ಕತ್ತರಿಸಿದ ನೆರಳು

ಸಾಣಾಪುರದ ಬಂಡೆಗಳನ್ನು ಮುಸ್ಸಂಜೆಯಲ್ಲಿ ಕಂಡವರು ಬಲ್ಲರು, ಬಣ್ಣವೆಲ್ಲ ಅಳಿದ ಮೇಲೂ ಹೊರರೇಖೆಯೊಂದೇ ಎಷ್ಟು ಹೇಳಬಲ್ಲದೆಂದು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಇದೇ ಒಂದು ಕಸುಬಾಯಿತು. ಎದುರು ಕುಳಿತವರ ಮುಖದ ಪಕ್ಕನೋಟವನ್ನು ಕರಿಯ ಕಾಗದದಲ್ಲಿ ಕತ್ತರಿಸಿ ಬಿಳಿಯ ಹಾಳೆಗೆ ಅಂಟಿಸಿಕೊಡುತ್ತಿದ್ದರು. ತೈಲಚಿತ್ರ ಬರೆಸಲಾರದವರಿಗೂ ಎಟುಕುತ್ತಿದ್ದ ಭಾವಚಿತ್ರವದು. 1759ರಲ್ಲಿ ಫ್ರಾನ್ಸಿನ ಅರ್ಥಸಚಿವನಾಗಿ ಮಿತವ್ಯಯವನ್ನು ಹೇರಿದ ಸಿಲೂಎತ್ ಎಂಬವನ ಹೆಸರು ಈ ಅಗ್ಗದ ಚಿತ್ರಕ್ಕೆ ಅಂಟಿಕೊಂಡಿತು. 1839ರಲ್ಲಿ ಛಾಯಾಗ್ರಹಣ ಪ್ರಕಟವಾದ ಮೇಲೆ ಕತ್ತರಿಯ ಕಸುಬು ಕ್ರಮೇಣ ಹಿಂದೆ ಸರಿಯಿತು.

ನಮ್ಮ ಕೊಪ್ಪಳ ಸೀಮೆಯಲ್ಲಿ ನೆರಳನ್ನು ಕತ್ತರಿಸಿದ್ದು ತೊಗಲಿನಲ್ಲಿ. ಶಿಳ್ಳೇಕ್ಯಾತರು ಆಡಿನ ಚರ್ಮವನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಆಕೃತಿ ಬರೆದು ಕತ್ತರಿಸಿ ಬಣ್ಣ ತುಂಬುತ್ತಾರೆ. ಉಳಿಯಿಂದ ಕೊರೆದ ಸಣ್ಣ ರಂಧ್ರಗಳು ಪರದೆಯ ಮೇಲೆ ಒಡವೆಗಳಾಗಿ, ಸೀರೆಯ ಅಂಚಾಗಿ ಹೊಳೆಯುತ್ತವೆ. ಕಾಗದದ ಚಿತ್ರದಲ್ಲಿ ಮನೆಯವರು ತಮ್ಮವರನ್ನು ಗುರುತಿಸುತ್ತಿದ್ದರು. ಇಲ್ಲಿ ಊರೆಲ್ಲ ಸೇರಿ ರಾಮನನ್ನೂ ರಾವಣನನ್ನೂ ಗುರುತಿಸುತ್ತದೆ.

ಈ ಕಲೆಯನ್ನು ದೀರ್ಘಕಾಲ ಸಾಕಿಕೊಂಡು ಬಂದ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಅದು ಸಲ್ಲಬೇಕಾದ ಗೌರವವೇ. ಆದರೆ ಗೌರವದಿಂದಲೇ ಗೊಂಬೆ ಕುಣಿಯದು. ದೀಪ, ಪರದೆ, ಹಾಡು, ಮುಂದೆ ಕುಳಿತ ಜನ ಕೂಡಿದಾಗ ಅದಕ್ಕೆ ಜೀವ. ಗೋಡೆಗೆ ತೂಗುಹಾಕಿದರೆ ಬರಿಯ ಅಲಂಕಾರ. ಕಾಗದದ ಮುಖಗಳಿಗೆ ಬದಲಾಗಿ ಕ್ಯಾಮರಾ ದೊರೆಯಿತು. ರಾತ್ರಿಯೆಲ್ಲ ಎಚ್ಚರಿದ್ದು ಕಥೆ ಕೇಳುತ್ತಿದ್ದ ಊರಿಗೆ ಬದಲಾಗಿ ಏನು ದೊರೆತಿದೆ? ಮುಂದಿನ ಬಾರಿ ಹತ್ತಿರದಲ್ಲೆಲ್ಲಾದರೂ ಆಟವಿದೆಯೆಂದು ಕೇಳಿದರೆ, ಮಕ್ಕಳನ್ನು ಕರೆದುಕೊಂಡು ಹೋಗಿ ಪರದೆಯ ಮುಂದೆ ಕುಳಿತುಕೊಳ್ಳಿ.