'ಸರ್ವರ್ ಬ್ಯುಸಿ' ಅಂದರೇನು? ಇಂಡೆಕ್ಸ್ ಚೂರಾಗುವ ಕಥೆ

ಆರ್‌ಟಿಸಿಗೆ ಹೋದವರಿಗೆ 'ಸರ್ವರ್ ಬ್ಯುಸಿ' ಉತ್ತರ ಹೊಸದಲ್ಲ. ನೆಟ್‌ವರ್ಕ್, ಕರೆಂಟ್, ಸಾಫ್ಟ್‌ವೇರ್ ಹೀಗೆ ಕಾರಣ ಹಲವಿರಬಹುದು. ಚರ್ಚೆಗೇ ಬಾರದ ಒಂದು ಕಾರಣ ಇಂಡೆಕ್ಸ್ ಫ್ರಾಗ್ಮೆಂಟೇಶನ್.

ಏನಿದು?

'ಭೂಮಿ' ಯೋಜನೆ ಆರಂಭದಲ್ಲೇ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಇಷ್ಟು ದೊಡ್ಡ ಡೇಟಾಬೇಸ್‌ನಲ್ಲಿ ಒಂದು ಸರ್ವೆ ನಂಬರ್ ಬೇಗ ಸಿಗಬೇಕಾದರೆ ಇಂಡೆಕ್ಸ್ ಬೇಕೇ ಬೇಕು. ಅದು ಕ್ರಮವಾಗಿ ಜೋಡಿಸಿದ ಪುಟಗಳ ಸರಣಿ. ಎಸ್‌ಕ್ಯೂಎಲ್ ಸರ್ವರ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ 8 ಕೆಬಿ.

ಚೂರಾಗೋದು ಹೇಗೆ?

ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಒಂದು ಕುಟುಂಬ ಪಾಲಾಗಿ, 45/2 ಹಿಸ್ಸಾ 45/2ಎ, 45/2ಬಿ ಆಯ್ತು ಅಂದುಕೊಳ್ಳಿ. 1974ರ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕ ಜಿಲ್ಲೆಯಲ್ಲಿ ಇಂಥ ಪಾಲುಪಟ್ಟಿ ಮಾಮೂಲು. ಹೊಸ ನಂಬರ್ ನಡುವೆಯೇ ಸೇರಬೇಕು. ಪುಟ ತುಂಬಿದ್ದರೆ ಡೇಟಾಬೇಸ್ ಅದನ್ನು ಒಡೆದು, ಸುಮಾರು ಅರ್ಧ ಸಾಲುಗಳನ್ನು ಬೇರೆಲ್ಲೋ ಇರುವ ಪುಟಕ್ಕೆ ಸಾಗಿಸುತ್ತದೆ. ಇದೇ ಪೇಜ್ ಸ್ಪ್ಲಿಟ್. ಮಂಗಳೂರಿನಿಂದ ಮೂಡುಬಿದಿರೆ ಬೇರೆಯಾದಂತೆ ತಾಲ್ಲೂಕು ಬದಲಾದಾಗ, ತಾಲ್ಲೂಕು ಕೋಡ್ ಇಂಡೆಕ್ಸಿನ ಭಾಗವಾಗಿದ್ದರೆ ಸಾವಿರಾರು ಸಾಲುಗಳು ಒಟ್ಟಿಗೇ ಜಾಗ ಬದಲಿಸುತ್ತವೆ.

ಒಂದೇ ಪಹಣಿ ಹುಡುಕಿದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಇಡೀ ಗ್ರಾಮದ ಪಟ್ಟಿ ತೆಗೆದಾಗ ಅರ್ಧ ಖಾಲಿ ಪುಟಗಳನ್ನೆಲ್ಲ ಓದಬೇಕು, ಮೆಮೊರಿಯೂ ದಂಡ.

ಪರಿಹಾರ

- ಮೊದಲು ಅಳೆಯಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಶೇ 5ರಿಂದ 30 ಇದ್ದರೆ ರೀಆರ್ಗನೈಸ್, ಅದಕ್ಕೂ ಹೆಚ್ಚಿದ್ದರೆ ರೀಬಿಲ್ಡ್ ಅನ್ನೋದು ಹಳೆಯ ಅಂದಾಜು, ವೇದವಾಕ್ಯ ಅಲ್ಲ.
- ಸಾಮಾನ್ಯ ರೀಬಿಲ್ಡ್ ಟೇಬಲ್‌ಗೆ ಬೀಗ ಹಾಕುತ್ತದೆ. ಹಾಗಾಗಿ ಜನ ಸಾಲು ನಿಂತ ಹೊತ್ತಲ್ಲ, ರಾತ್ರಿಯೇ ಆಗಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 2019ರ 12ನೇ ಆವೃತ್ತಿಯಿಂದ ಕೆಲಸ ನಿಲ್ಲಿಸದೆಯೂ ಮಾಡಬಹುದು.
- ಫಿಲ್ ಫ್ಯಾಕ್ಟರ್ 90 ಇಟ್ಟರೆ ಪ್ರತಿ ಪುಟದಲ್ಲೂ ಹೊಸ ಹಿಸ್ಸಾಗೆ ಶೇ 10 ಜಾಗ ಉಳಿಯುತ್ತದೆ.
- ರೀಬಿಲ್ಡ್ ನಂತರ ಕಾಣುವ ವೇಗ ಎಷ್ಟೋ ಸಲ ಅದರ ಜೊತೆ ಹೊಸದಾದ ಸ್ಟ್ಯಾಟಿಸ್ಟಿಕ್ಸ್‌ನದ್ದು. ಮೊದಲು ಅದನ್ನಷ್ಟೇ ಅಪ್‌ಡೇಟ್ ಮಾಡಿ ನೋಡಬೇಕು. ಎಸ್‌ಎಸ್‌ಡಿ ಡಿಸ್ಕ್ ಇದ್ದರೆ ಪುಟಗಳ ಕ್ರಮ ತಪ್ಪಿದ್ದರ ತೊಂದರೆ ಕಡಿಮೆ.

ನಮಗ್ಯಾಕೆ ಬೇಕು?

ಹೊಸ ಆ್ಯಪ್‌ಗೆ ಉದ್ಘಾಟನೆ ಇರುತ್ತೆ, ರಾತ್ರಿ 2 ಗಂಟೆಯ ರೀಬಿಲ್ಡ್‌ಗೆ ರಿಬ್ಬನ್ ಇಲ್ಲ. ಆದರೆ ಕೂಲಿ ಬಿಟ್ಟು ಬಂದವರ ದಿನ ಹಾಳಾಗೋದು ಈ ನಿರ್ವಹಣೆ ತಪ್ಪಿದಾಗಲೇ. ಮಾಹಿತಿ ಹಕ್ಕು ಕಾಯ್ದೆ, 2005ರಡಿ ಮೂರು ಪ್ರಶ್ನೆ ಕೇಳಬಹುದು: ನಿರ್ವಹಣೆಯ ವೇಳಾಪಟ್ಟಿ ಇದೆಯೇ? ಕೊನೆಯ ಸಲ ಯಾವಾಗ ಆಯ್ತು? ಗುತ್ತಿಗೆಯಲ್ಲಿ ಅದರ ಹೊಣೆ ಯಾರದ್ದು?