1911ರ ಶೀಲ್ಡ್ ವಿಜಯ

ಅರಸುಮನೆತನಗಳ ಏಳುಬೀಳುಗಳೂ ರಣರಂಗದ ವೃತ್ತಾಂತಗಳೂ ಮಾತ್ರವೇ ಚರಿತ್ರೆಯಲ್ಲ. ಒಂದು ಕಾಲದ ಜನರು ಯಾವುದನ್ನು ಕಂಡು ಹಿಗ್ಗಿದರು, ಯಾವುದರಿಂದ ಕುಗ್ಗಿದರು ಎಂಬುದೂ ಚರಿತ್ರೆಗೆ ಸೇರಿದ ವಿಷಯವೇ ಸರಿ. ಈ ದೃಷ್ಟಿಯಿಂದ ನೋಡಿದರೆ, 1911ನೆಯ ಇಸವಿ ಜುಲೈ 29ನೆಯ ತಾರೀಖು ಶನಿವಾರ ಸಾಯಂಕಾಲ ಕಲ್ಕತ್ತೆಯ ಮೈದಾನದಲ್ಲಿ ನಡೆದ ಒಂದು ಕಾಲ್ಚೆಂಡಿನ ಪಂದ್ಯವು ಇತಿಹಾಸದ ಪುಟಗಳಲ್ಲಿ ಸ್ಥಾನ ಪಡೆಯಲು ತಕ್ಕದ್ದಾಗಿದೆ. ಅಂದು ಮೋಹನ ಬಾಗಾನ್ ಎಂಬ ವಂಗೀಯ ಯುವಕರ ತಂಡವು ಈಸ್ಟ್ ಯಾರ್ಕ್‌ಷೈರ್ ಎಂಬ ಆಂಗ್ಲ ಪಲ್ಟನ್ನಿನ ತಂಡವನ್ನು ಸೋಲಿಸಿ ಐ. ಎಫ್. ಎ. ಶೀಲ್ಡನ್ನು ಗೆದ್ದುಕೊಂಡಿತು. ಬರಿಗಾಲಿನ ಹುಡುಗರು ಬೂಟುಗಾಲಿನ ಸಿಪಾಯಿಗಳನ್ನು ಗೆದ್ದ ಈ ಸಂಗತಿಯನ್ನು ಒಂದು ಪವಾಡವೆಂಬಂತೆ ವರ್ಣಿಸುವುದು ರೂಢಿಯಾಗಿದೆ. ಆದರೆ ಆ ವಿಜಯದ ಹಿಂದೆ ಇಪ್ಪತ್ತೆರಡು ವರ್ಷಗಳ ಸಾಧನೆ ಇತ್ತು. ಅದರ ಫಲವು ಕೈಗೆ ಬರಲು ಮತ್ತೂ ಹಲವು ವರ್ಷಗಳು ಹಿಡಿದವು. ಇವೆರಡನ್ನೂ ಬಿಟ್ಟು ಆ ಒಂದು ಸಂಜೆಯನ್ನು ಮಾತ್ರ ಕೊಂಡಾಡಿದರೆ ಆ ಆಟಗಾರರಿಗೆ ನ್ಯಾಯ ಸಂದಂತಾಗದು.

ಕಾಲ್ಚೆಂಡಿನ ಆಟವು ಈ ದೇಶಕ್ಕೆ ಬಂದುದು ಆಂಗ್ಲ ಸೈನಿಕರ ಮತ್ತು ವ್ಯಾಪಾರಿಗಳ ಜೊತೆಯಲ್ಲಿ. ಕಲ್ಕತ್ತೆಯಲ್ಲಿ ಅದನ್ನು ದೇಶೀಯ ಬಾಲಕರಲ್ಲಿ ಹರಡಿದ ಕೀರ್ತಿ ನಗೇಂದ್ರಪ್ರಸಾದ ಸರ್ವಾಧಿಕಾರಿಯವರದು. ಅವರ ಪ್ರಯತ್ನದಿಂದ ಬೆಳೆದ ಶೋಭಾಬಜಾರ್ ಕ್ಲಬ್ಬು 1892ರಲ್ಲಿ ಟ್ರೇಡ್ಸ್ ಕಪ್ ಪಂದ್ಯದಲ್ಲಿ ಈಸ್ಟ್ ಸರ್ರೆ ಪಲ್ಟನ್ನಿನ ತಂಡವನ್ನು ಸೋಲಿಸಿ, ಬಿಳಿಯರನ್ನು ಅವರದೇ ಆಟದಲ್ಲಿ ಗೆಲ್ಲುವುದು ಅಸಾಧ್ಯವಲ್ಲವೆಂದು ತೋರಿಸಿತ್ತು. ಮರುವರ್ಷ, ಎಂದರೆ 1893ರಲ್ಲಿ, ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿ ಶೀಲ್ಡ್ ಪಂದ್ಯಗಳು ಮೊದಲಾದವು. ಹೆಸರಿನಲ್ಲಿ ‘ಇಂಡಿಯನ್’ ಎಂದಿದ್ದರೂ ಅದರ ಆಡಳಿತವು ಐರೋಪ್ಯರ ಕೈಯಲ್ಲಿತ್ತು. 1911ರ ವರೆಗೆ ಆ ಶೀಲ್ಡು ಪಲ್ಟನ್ನುಗಳ ಅಥವಾ ಐರೋಪ್ಯ ಕ್ಲಬ್ಬುಗಳ ಪಾಲಾಗುತ್ತಿತ್ತೇ ಹೊರತು ಯಾವ ದೇಶೀಯ ತಂಡಕ್ಕೂ ದೊರೆತಿರಲಿಲ್ಲ.

ಮೋಹನ ಬಾಗಾನ್ ಕ್ಲಬ್ಬು 1889ರ ಆಗಸ್ಟ್ 15ರಂದು ಉತ್ತರ ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಮೋಹನ ಬಾಗಾನ್ ಎಂಬ ಹೆಸರಿನ ಉದ್ಯಾನಭವನದ ಆವರಣದಲ್ಲಿ ಯುವಕರು ಆಡತೊಡಗಿದುದರಿಂದ ಕ್ಲಬ್ಬಿಗೂ ಅದೇ ಹೆಸರಾಯಿತು. ಭೂಪೇಂದ್ರನಾಥ ಬಸುಗಳು ಮೊದಲ ಅಧ್ಯಕ್ಷರು. ಮೊದಲ ವಾರ್ಷಿಕ ಸಭೆಗೆ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ರೋ ಅವರು ಬಂದಿದ್ದರಂತೆ. ಸಂಘದ ಹೆಸರಿನಲ್ಲಿದ್ದ ‘ಸ್ಪೋರ್ಟಿಂಗ್’ ಎಂಬ ಶಬ್ದವನ್ನು ಕಂಡು, ಇಲ್ಲಿ ಮೀನು ಹಿಡಿಯುವುದೋ ಬೇಟೆಯಾಡುವುದೋ ಉಂಟೇ ಎಂದು ಅವರು ಕೇಳಿದರು. ಇಲ್ಲವೆಂದು ತಿಳಿದಮೇಲೆ ‘ಅಥ್ಲೆಟಿಕ್’ ಎಂಬ ಶಬ್ದವೇ ಉಚಿತವೆಂದು ಸೂಚಿಸಿದರು. ಹಾಗೆಯೇ ಹೆಸರು ಬದಲಾಯಿತು. ಸಂಘದ ಬೆಳವಣಿಗೆ ನಿಧಾನವಾಗಿಯೇ ನಡೆಯಿತು. ಮುಂದೆ ಕಾರ್ಯದರ್ಶಿಗಳಾದ ಸುಬೇದಾರ್ ಮೇಜರ್ ಶೈಲೇಂದ್ರನಾಥ ಬಸುಗಳು ಆಟಗಾರರ ಅಂಗಸಾಧನೆಗೂ ಶಿಸ್ತಿಗೂ ಹೆಚ್ಚಿನ ಲಕ್ಷ್ಯ ಕೊಟ್ಟರು. 1905ರಲ್ಲಿ ಚಿನ್ಸುರಾದಲ್ಲಿ ನಡೆದ ಗ್ಲ್ಯಾಡ್‌ಸ್ಟನ್ ಕಪ್ ಪಂದ್ಯದಲ್ಲಿ, ಆ ವರ್ಷವೇ ಶೀಲ್ಡನ್ನು ಗೆದ್ದಿದ್ದ ಡಾಲ್‌ಹೌಸಿ ತಂಡವನ್ನು ಮೋಹನ ಬಾಗಾನ್ 6-1ರಿಂದ ಸೋಲಿಸಿತು. 1906, 1907, 1908 ಹೀಗೆ ಮೂರು ವರ್ಷ ಒಂದೇ ಸಮನೆ ಟ್ರೇಡ್ಸ್ ಕಪ್ ಅದಕ್ಕೆ ಸಂದಿತು. ಆದ್ದರಿಂದ 1911ರ ವಿಜಯವು ಬಲ್ಲವರಿಗೆ ಅಷ್ಟೊಂದು ಆಕಸ್ಮಿಕವಾಗಿರಲಿಲ್ಲ.

ಆ ವರ್ಷದ ತಂಡದ ಹನ್ನೊಂದು ಮಂದಿಯ ಹೆಸರುಗಳು ವಂಗದೇಶದಲ್ಲಿ ಇಂದಿಗೂ ಜನರ ನಾಲಗೆಯ ಮೇಲಿವೆ: ಗೋಲು ಕಾಯುವ ಹೀರಾಲಾಲ ಮುಖರ್ಜಿ, ಹಿಂದಿನ ಸಾಲಿನಲ್ಲಿ ಭೂತಿ ಸುಕುಲ್ ಮತ್ತು ಸುಧೀರ ಚಟರ್ಜಿ, ನಡುವೆ ಮನಮೋಹನ ಮುಖರ್ಜಿ, ರಾಜೇನ್ ಸೇನ್‌ಗುಪ್ತ, ನೀಲಮಾಧವ ಭಟ್ಟಾಚಾರ್ಯ, ಮುಂದೆ ಕಾನು ರಾಯ್, ಹಾಬುಲ್ ಸರ್ಕಾರ್, ಅಭಿಲಾಷ ಘೋಷ್, ವಿಜಯದಾಸ ಭಾದುರಿ, ಮತ್ತು ಅವರ ಸೋದರರೂ ತಂಡದ ನಾಯಕರೂ ಆದ ಶಿವದಾಸ ಭಾದುರಿ. ಇವರಲ್ಲಿ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡವರು ಒಬ್ಬರೂ ಇಲ್ಲ. ಶಿವದಾಸರು ಪಶುವೈದ್ಯ ಇಲಾಖೆಯಲ್ಲಿದ್ದರು. ಅಭಿಲಾಷರು ಸ್ಕಾಟಿಷ್ ಚರ್ಚ್ ಕಾಲೇಜಿನ ವಿದ್ಯಾರ್ಥಿ. ಸುಧೀರರು ಕ್ರೈಸ್ತ ಧರ್ಮಬೋಧಕರು, ಅಧ್ಯಾಪಕರು. ಕಛೇರಿಯ ಕೆಲಸವನ್ನೋ ಪಾಠಪ್ರವಚನಗಳನ್ನೋ ಮುಗಿಸಿಕೊಂಡು ಸಂಜೆಯ ಹೊತ್ತು ಮೈದಾನಕ್ಕೆ ಬರುತ್ತಿದ್ದ ಗೃಹಸ್ಥರ ಮಕ್ಕಳು ಇವರು. ಸುಧೀರರೊಬ್ಬರನ್ನು ಬಿಟ್ಟರೆ ಉಳಿದ ಹತ್ತು ಮಂದಿಯೂ ಆಡಿದ್ದು ಬರಿಗಾಲಿನಲ್ಲಿ.

ಪಂದ್ಯಗಳು ಜುಲೈ 10ರಂದು ಆರಂಭವಾದವು. ಮೊದಲು ಸೇಂಟ್ ಜೇವಿಯರ್ ಕಾಲೇಜಿನವರನ್ನು 3-0ರಿಂದಲೂ, ಅನಂತರ ರೇಂಜರ್ಸ್ ತಂಡವನ್ನು 2-1ರಿಂದಲೂ ಮೋಹನ ಬಾಗಾನ್ ಸೋಲಿಸಿತು. ಅಷ್ಟರ ತನಕ ಊರಿನ ಗಮನ ಅತ್ತ ಹರಿದಿರಲಿಲ್ಲ. ಮೂರನೆಯ ಸುತ್ತಿನಲ್ಲಿ ರೈಫಲ್ ಬ್ರಿಗೇಡಿನಂತಹ ಬಲಿಷ್ಠ ತಂಡವು 1-0ರಿಂದ ಸೋತಾಗ ಜನರು ಬೆರಗಾದರು. ಉಪಾಂತ್ಯದಲ್ಲಿ ಎದುರಾದುದು ಮಿಡ್ಲ್‌ಸೆಕ್ಸ್ ಪಲ್ಟನ್. 24ನೆಯ ತಾರೀಖಿನ ಪಂದ್ಯ 1-1ರಲ್ಲಿ ಸಮವಾಯಿತು. ದಣಿದ ದೇಹಗಳಿಗೆ ಒಂದೇ ದಿನದ ಬಿಡುವು. 26ರಂದು ಮತ್ತೆ ಆಡಿದಾಗ ಮೂರು ಗೋಲುಗಳಿಗೆ ಸೊನ್ನೆಯಿಂದ ಜಯ ದೊರೆಯಿತು.

ಕಡೆಯ ಪಂದ್ಯದ ದಿನ ಕಲ್ಕತ್ತೆಯೇ ಮೈದಾನಕ್ಕೆ ಇಳಿದುಬಂದಂತಾಯಿತು. ಜನರನ್ನು ಕರೆತರಲು ವಿಶೇಷ ರೈಲುಗಾಡಿಗಳು ಓಡಿದವು. ಪರಪ್ರಾಂತಗಳಿಂದಲೂ ಜನ ಬಂದರು. ಕೂಡಿದವರು 60,000ದಿಂದ 80,000ದ ವರೆಗೆ ಇದ್ದರೆಂದು ಅಂದಾಜು. ಅವರಲ್ಲಿ ಆಟವನ್ನು ಕಣ್ಣಾರೆ ಕಂಡವರು ಸ್ವಲ್ಪ ಮಂದಿ ಮಾತ್ರ. ಹಿಂದೆ ನಿಂತವರಿಗೆ ಗೋಲುಗಳ ಲೆಕ್ಕ ತಿಳಿಯಲೆಂದು ಗಾಳಿಪಟಗಳನ್ನು ಹಾರಿಸಿ ತೋರಿಸುತ್ತಿದ್ದರು. ಉತ್ತರಾರ್ಧದಲ್ಲಿ ಪಲ್ಟನ್ನಿನ ಜಾಕ್ಸನ್ ಎಂಬ ಆಟಗಾರನು ಮೊದಲ ಗೋಲನ್ನು ಹೊಡೆದನು. ಅಷ್ಟೊಂದು ಜನರಿದ್ದ ಮೈದಾನ ಮೌನವಾಯಿತು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಶಿವದಾಸರು ಎದುರಾಳಿಗಳ ನಡುವೆ ನುಸುಳಿ ಸರಿಸಮ ಮಾಡಿದರು. ಇನ್ನೇನು ಮುಗಿಯಿತೆನ್ನುವಷ್ಟರಲ್ಲಿ ಅಭಿಲಾಷರ ಹೊಡೆತದಿಂದ ಎರಡನೆಯ ಗೋಲು ಬಿದ್ದಿತು. ಆಟ ಮುಗಿದಾಗ ಲೆಕ್ಕ 2-1.

ಈ ಸಂತೋಷದ ತೀವ್ರತೆಯನ್ನು ತಿಳಿಯಬೇಕಾದರೆ ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ವಂಗೀಯರು ಮೃದುದೇಹಿಗಳು, ಹೇಡಿಗಳು ಎಂದು ಮೆಕಾಲೆ ಬರೆದ ಮಾತು ಎಪ್ಪತ್ತು ವರ್ಷಗಳಿಂದ ಶಾಲೆಯ ಪಾಠದಂತೆ ಕಿವಿಗೆ ಬೀಳುತ್ತಿತ್ತು. 1905ರಲ್ಲಿ ಲಾರ್ಡ್ ಕರ್ಜನ್ ವಂಗದೇಶವನ್ನು ಇಬ್ಭಾಗ ಮಾಡಿದ್ದನು. ಸ್ವದೇಶಿ ಚಳವಳಿಯವರು ಸೆರೆಮನೆ ಕಂಡಿದ್ದರು. ಹೀಗೆ ನೊಂದಿದ್ದ ಜನಕ್ಕೆ, ಆಳುವವರ ಆಟದಲ್ಲಿ, ಆಳುವವರ ನಿಯಮಕ್ಕೊಳಪಟ್ಟು, ಅವರ ಕಣ್ಣೆದುರಿನಲ್ಲೇ ದೊರೆತ ಗೆಲುವು ಸಾಮಾನ್ಯವೆನಿಸಲಿಲ್ಲ. ತಂಡದಲ್ಲಿ ಹಲವರು ಪೂರ್ವವಂಗದ ಮೂಲದವರು. ಆದುದರಿಂದ ಸೀಳಿದ ನಾಡು ಆ ಹನ್ನೊಂದು ಮಂದಿಯಲ್ಲಿ ಒಂದಾಗಿ ಕಂಡಿತು. ಹಿಂದೂಗಳಂತೆ ಮುಸಲ್ಮಾನರೂ ಈ ಹರ್ಷದಲ್ಲಿ ಪಾಲುಗೊಂಡರು.

ಅದೇ ವರ್ಷದ ಡಿಸೆಂಬರ್ 12ರಂದು ದೆಹಲಿಯ ದರ್ಬಾರಿನಲ್ಲಿ ವಂಗವಿಭಜನೆ ರದ್ದಾಯಿತು. ರಾಜಧಾನಿಯೂ ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಇವೆರಡಕ್ಕೂ ಶೀಲ್ಡಿನ ಗೆಲುವೇ ಕಾರಣವೆಂದು ಹೇಳುವವರುಂಟು. ಈ ಮಾತು ಅಭಿಮಾನಕ್ಕೆ ಹಿತವಾದರೂ ಪ್ರಮಾಣಕ್ಕೆ ನಿಲ್ಲದು. ಸರ್ಕಾರದಲ್ಲಿ ಈ ಆಲೋಚನೆ ಜೂನ್ ತಿಂಗಳಲ್ಲಿಯೇ, ಎಂದರೆ ಶೀಲ್ಡಿನ ಮೊದಲ ಪಂದ್ಯಕ್ಕೂ ಮುಂಚೆಯೇ, ಮೊಳೆತಿತ್ತು. ಆರು ವರ್ಷಗಳ ಚಳವಳಿಯ ಫಲವನ್ನು ಒಂದು ಗೋಲಿನ ಲೆಕ್ಕಕ್ಕೆ ಬರೆಯುವುದು ಆ ಚಳವಳಿಗೂ ಅನ್ಯಾಯ, ಆಟಕ್ಕೂ ಭಾರ.

ನಿಜವಾದ ಫಲವನ್ನು ಆಟದ ಕಣದಲ್ಲಿಯೇ ಹುಡುಕಬೇಕು. ಅಲ್ಲಿ ಅದು ಮೆಲ್ಲಮೆಲ್ಲನೆ ಬಂದಿತು. ಶೀಲ್ಡನ್ನು ಗೆದ್ದ ತಂಡಕ್ಕೆ ಆಗ ಕಲ್ಕತ್ತೆಯ ಲೀಗಿನಲ್ಲಿ ಸ್ಥಾನವೇ ಇರಲಿಲ್ಲ! 1914ರಲ್ಲಿ ಎರಡನೆಯ ದರ್ಜೆಗೂ, 1915ರಲ್ಲಿ ಮೊದಲನೆಯ ದರ್ಜೆಗೂ ಅದಕ್ಕೆ ಪ್ರವೇಶ ದೊರೆಯಿತು. ಮೇಲಿನ ದರ್ಜೆಯಲ್ಲಿ ದೇಶೀಯ ತಂಡಗಳು ಎರಡಕ್ಕಿಂತ ಹೆಚ್ಚು ಇರಕೂಡದೆಂಬ ಕಟ್ಟು ಆಮೇಲೂ ಕೆಲವು ವರ್ಷ ನಡೆದಿತ್ತು. ದೇಶೀಯ ತಂಡವೊಂದು ಆ ಲೀಗನ್ನು ಗೆದ್ದುದು 1934ರಲ್ಲಿ. ಅದು ಮಹಮ್ಮಡನ್ ಸ್ಪೋರ್ಟಿಂಗ್. ಮುಂಬಯಿಯ ರೋವರ್ಸ್ ಕಪ್ಪನ್ನು ಪಲ್ಟನ್ನುಗಳ ಕೈಯಿಂದ ಬಿಡಿಸಿದ ಕೀರ್ತಿ ಕನ್ನಡನಾಡಿಗೆ ಸಲ್ಲತಕ್ಕದ್ದು. ದಂಡಿನ ಸೈನಿಕರ ಆಟವನ್ನು ನೋಡಿ ಕಲಿತ ಬೆಂಗಳೂರಿನಿಂದ ಹೋದ ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಅದನ್ನು ಗೆದ್ದಿತು. 1911ರಲ್ಲಿ ಕಲ್ಕತ್ತೆಯವರು ಮೂಡಿಸಿದ ಹೆಜ್ಜೆಯ ಗುರುತು ಹೀಗೆ ದೂರದ ಊರುಗಳವರಿಗೂ ದಾರಿಯಾಯಿತು.

ಆ ಸಂಜೆಯ ಕುರಿತು ಒಂದು ಐತಿಹ್ಯವಿದೆ. ಗೆದ್ದು ಹಿಂದಿರುಗುತ್ತಿದ್ದ ಆಟಗಾರರಿಗೆ ಒಬ್ಬರು ಫೋರ್ಟ್ ವಿಲಿಯಂ ಕೋಟೆಯ ಮೇಲಿನ ಬ್ರಿಟಿಷ್ ಬಾವುಟವನ್ನು ತೋರಿಸಿ, ಇದು ಇಳಿಯುವುದೆಂದಿಗೆ ಎಂದರಂತೆ. ಮೋಹನ ಬಾಗಾನ್ ಮತ್ತೆ ಶೀಲ್ಡನ್ನು ಗೆದ್ದಾಗ ಎಂಬ ಉತ್ತರ ಬಂದಿತಂತೆ. ಮಾತು ನಡೆದುದು ನಿಜವೋ, ಆಮೇಲೆ ಕಟ್ಟಿದುದೋ, ಹೇಳಬಲ್ಲವರಿಲ್ಲ. ಮೋಹನ ಬಾಗಾನ್ ತಂಡವು ಎರಡನೆಯ ಸಲ ಶೀಲ್ಡನ್ನು ಗೆದ್ದುದು 1947ರಲ್ಲಿ ಎಂಬುದು ಮಾತ್ರ ದಾಖಲೆಯಲ್ಲಿರುವ ಸಂಗತಿ.