ಎಲ್ಲಮ್ಮನ ಗುಡ್ಡದ ಕಾಲರಾ, ಮ್ಯಾರಥಾನಿನ ಡೇರೆ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಲಕ್ಷಗಟ್ಟಲೆ ಜನ ಸೇರುತ್ತಾರೆ. ರಾಮದುರ್ಗ, ಬೈಲಹೊಂಗಲ, ಕಿತ್ತೂರುಗಳ ಕಡೆಯವರು ಹಿಂದೆ ಚಕ್ಕಡಿ ಹೂಡಿಕೊಂಡೋ ಬರಿಗಾಲಲ್ಲೋ ಬಂದು, ಜೋಗುಳಬಾವಿಯಲ್ಲಿ ಮಿಂದು, ಬಯಲಲ್ಲೇ ಒಲೆ ಹೂಡಿ ಬೀಡುಬಿಡುತ್ತಿದ್ದರು. ಈ ಸೀಮೆಯಲ್ಲಿ ನೆರೆದ ಜನರ ಬಳಿಗೇ ವೈದ್ಯರು ಹೋಗಬೇಕಾಗಿ ಬಂದದ್ದು ಮೊದಲು ಇಂಥ ಜಾತ್ರೆಗಳಿಗಾಗಿ. ಓಟದ ಸ್ಪರ್ಧೆಗಳ ಸರದಿ ಬಹಳ ತಡವಾಗಿ ಬಂತು.

ಆಗ ಜಾತ್ರೆಯ ದೊಡ್ಡ ಭಯವೆಂದರೆ ಕಾಲರಾ. ಮಿಂದ ನೀರನ್ನೇ ಕುಡಿಯುವಲ್ಲಿ ಒಬ್ಬನ ವಾಂತಿಭೇದಿ ಊರೂರಿಗೆ ಹಬ್ಬುತ್ತಿತ್ತು. 1893ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಹಾಫ್‌ಕಿನ್ ಭಾರತಕ್ಕೆ ಬಂದು ಕಾಲರಾ ಲಸಿಕೆಯ ಪ್ರಯೋಗ ಆರಂಭಿಸಿದರು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಜನರ ಓಡಾಟಕ್ಕೆ ತಡೆ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆ ಕಾಲದ ಜಾತ್ರೆಯ ವೈದ್ಯ ಗುಣಪಡಿಸಿದ್ದಕ್ಕಿಂತ ಕಾವಲು ಕಾದದ್ದೇ ಹೆಚ್ಚು ಎನ್ನಬೇಕು: ಸೂಜಿ ಚುಚ್ಚುವುದು, ಬಾವಿಗೆ ಔಷಧಿ ಹಾಕುವುದು, ರೋಗಿಯನ್ನು ಬೇರೆ ಇಡುವುದು. ಕಲ್ಕತ್ತೆಯಲ್ಲಿ ವೈದ್ಯ ಲಿಯೊನಾರ್ಡ್ ರಾಜರ್ಸ್ ರಕ್ತನಾಳಕ್ಕೆ ಉಪ್ಪುನೀರು ಕೊಟ್ಟು ಸಾವನ್ನು ತಗ್ಗಿಸಿದ್ದರು. ಆದರೆ ಶುದ್ಧ ದ್ರಾವಣ, ಸೂಜಿ, ನುರಿತ ಕೈ ಇವಿಲ್ಲದ ಬಯಲಲ್ಲಿ ಅದು ನಡೆಯುವ ಮಾತಲ್ಲ. ಆ ತೊಡಕು ಬಗೆಹರಿದದ್ದು 1971ರಲ್ಲಿ. ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಸಕ್ಕರೆ ಕಲಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಓಟದ ವೈದ್ಯಕೀಯವೂ ನೀರು, ಉಪ್ಪಿನ ಲೆಕ್ಕದಲ್ಲೇ ಎಡವುತ್ತ ಬೆಳೆಯಿತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡುತ್ತ ಕುಸಿಯುತ್ತಿದ್ದ ಇಟಲಿಯ ಡೊರಾಂಡೊ ಪಿಯೆಟ್ರಿಯನ್ನು ಅಧಿಕಾರಿಗಳೂ ವೈದ್ಯರೂ ಎಬ್ಬಿಸಿ ಗುರಿ ದಾಟಿಸಿದರು. ನೆರವು ಪಡೆದದ್ದಕ್ಕೇ ಅವನ ಗೆಲುವು ರದ್ದಾಯಿತು. 1920ರಲ್ಲಿ ಆಂಟ್ವರ್ಪ್‌ನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 42.75 ಕಿಲೋಮೀಟರ್ ಓಡಿ 19ನೆಯವರಾದರು. ಓಡುವಾಗ ನೀರು ಕುಡಿಯುವುದು ದೌರ್ಬಲ್ಯವೆಂಬ ನಂಬಿಕೆ ಬಲವಾಗಿದ್ದ ಕಾಲವದು. ಮುಂದೆ ಅದು ತಿರುವುಮುರುವಾಗಿ, ಸಿಕ್ಕಲ್ಲೆಲ್ಲ ನೀರು ಕುಡಿಯಿರಿ ಎಂಬ ಸಲಹೆ ಬಂತು. ಅದೂ ಅಪಾಯವೇ, ಅತಿಯಾದ ನೀರು ರಕ್ತದ ಸೋಡಿಯಂ ಅನ್ನು ತೆಳುವಾಗಿಸುತ್ತದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷಿಸಿದ 488 ಓಟಗಾರರ ಪೈಕಿ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಹಾಗಾಗಿ ತೂರಾಡುತ್ತ ಬಂದ ಓಟಗಾರನಿಗೆ ಕಣ್ಣುಮುಚ್ಚಿ ಸಲೈನ್ ಏರಿಸುವ ರೂಢಿ ಹಿಂದೆ ಸರಿಯಿತು.

ಕುಸಿದ ಒಬ್ಬೊಬ್ಬರನ್ನೂ ಪರೀಕ್ಷಿಸಿ ನೋಡಬೇಕಾದ ಮ್ಯಾರಥಾನಿನ ವೈದ್ಯಕೀಯ ಡೇರೆಗೆ ವೈದ್ಯಕೀಯ ಕಾಲೇಜು ಹೊಂದುವುದು ಇದಕ್ಕೇ. ಅಲ್ಲಿ ಬೇಕಾದದ್ದು ಒಬ್ಬ ನಿಪುಣನಿಗಿಂತ ಒಂದು ಪಡೆ: ಮೂಳೆ ತಜ್ಞರು, ಅರಿವಳಿಕೆ ತಜ್ಞರು, ಬೊಕ್ಕೆಗೆ ಪಟ್ಟಿ ಕಟ್ಟುವ, ಸ್ನಾಯು ಸೆಳೆತ ನೀವುವ ಹೌಸ್ ಸರ್ಜನ್‌ಗಳು. ಈ ಭಾಗಕ್ಕೆ ಹುಬ್ಬಳ್ಳಿಯಲ್ಲಿ 1957ರಲ್ಲೂ ಬೆಳಗಾವಿಯಲ್ಲಿ 1963ರಲ್ಲೂ ವೈದ್ಯಕೀಯ ಕಾಲೇಜುಗಳು ಬಂದವು. ಧಾರವಾಡದ ಸತ್ತೂರಿನ ಕಾಲೇಜು 2003ರದು. 2008ರಲ್ಲಿ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು.

ಆದರೂ ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40 ಕಿಲೋಮೀಟರ್. ರಾಮದುರ್ಗದವರಿಗೆ ಇನ್ನೂ ದೂರ. ಓಟದಲ್ಲಿ ಮೈ ಕಾವೇರಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ಅರಿವು ತಪ್ಪಿದವನನ್ನು ಅರ್ಧ ಗಂಟೆಯೊಳಗೆ ತಣಿಸಬೇಕು. ಆಂಬುಲೆನ್ಸ್ ಬರುವತನಕ ಕಾಯದೆ ಐಸ್ ನೀರಿನ ತೊಟ್ಟಿಯಲ್ಲಿ ಕೂರಿಸುವುದು, ಮೈ ತಣ್ಣಗಾದ ಮೇಲಷ್ಟೇ ಸಾಗಿಸುವುದು ಡೇರೆಯ ಈಗಿನ ಕ್ರಮ.